ಹತ್ತುಮೀನಿಗೆ ದಾರಿ ಬಿಡಿ: ಮಲೆನಾಡಿನ ರಸ್ತೆ ಎಂಜಿನಿಯರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ. ತುಂಗೆಗೆ ಸೇರುವ ಒಂದು ಹಳ್ಳದ ಪಕ್ಕ ನಮ್ಮ ಮನೆ, ತೋಟ, ಒಂದಿಷ್ಟು ಗದ್ದೆ. ಈ ಪತ್ರ ಒಂದು ಮೋರಿಯ ಬಗ್ಗೆ, ಅಂದರೆ ಹಳ್ಳದ ನೀರು ರಸ್ತೆಯ ಅಡಿಯಿಂದ ದಾಟಲು ಕಟ್ಟುವ ದಾರಿಯ ಬಗ್ಗೆ. ಹೆಸರು ಹಿಡಿದು ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ನಮ್ಮೂರಿನ ಮೋರಿಯಂಥವು ಘಟ್ಟದ ಉದ್ದಕ್ಕೂ ಇವೆ. ಅದಕ್ಕೇ ಊರಿನ ಹೆಸರನ್ನೂ ಬರೆದಿಲ್ಲ. ಮೋರಿಗೆ ನಕ್ಷೆ ಬರೆಯುವವರು, ಎಸ್ಟಿಮೇಟಿಗೆ ಸಹಿ ಹಾಕುವವರು, ಕೆಲಸ ಮಾಡಿಸುವವರು, ನಿಮ್ಮೆಲ್ಲರಿಗೂ ಇದು.

ಕಳೆದ ಮಳೆಗಾಲದ ಮಾತು. ಮೃಗಶಿರ ಮಳೆ ಹಿಡಿದು ಎರಡು ದಿನ ಆಗಿತ್ತು. ಗದ್ದೆಯ ನೀರೆಲ್ಲ ಹಳ್ಳಕ್ಕೆ ಇಳಿದು ಹಳ್ಳ ಕೆಂಪಗಾಗಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ನಾನೂ ನನ್ನ ಅಕ್ಕನ ಮಗನೂ ಟಾರ್ಚ್ ಹಿಡಿದು ಹೊರಟೆವು. ಬೆಂಗಳೂರಲ್ಲಿ ಬೆಳೆದ ಹುಡುಗ, ಮಳೆಗೆ ಹೊಳೆಯಿಂದ ಮೇಲಕ್ಕೆ ಹತ್ತಿ ಬರುವ ಹತ್ತುಮೀನು ನೋಡಿರಲಿಲ್ಲ. ತೋರಿಸ್ತೀನಿ ಬಾ ಅಂತ ಕರೆದುಕೊಂಡು ಹೋದೆ. ರಸ್ತೆಯ ಮೋರಿಯ ಕೆಳಗಿನ ಗುಂಡಿಗೆ ಬೆಳಕು ಬಿಟ್ಟರೆ ನೀರೇ ಕಾಣುತ್ತಿಲ್ಲ, ಅಷ್ಟು ಮೀನು. ಪೈಪಿನ ಬಾಯಿಂದ ನೀರು ಎರಡಡಿ ಎತ್ತರದಿಂದ ಧುಮುಕುತ್ತಿತ್ತು. ಮೀನುಗಳು ಆ ನೀರಿಗೆ ಎದುರಾಗಿ ಹಾರುತ್ತಿದ್ದವು. ಕೆಲವು ಪೈಪಿನ ಅಂಚಿಗೆ ಬಡಿದು ಬಿದ್ದವು. ಕೆಲವು ಸಿಮೆಂಟಿನ ಮೇಲೆ ಬಿದ್ದು ಒದ್ದಾಡಿದವು. ಅರ್ಧ ಗಂಟೆ ನಿಂತು ನೋಡಿದೆವು. ಒಂದೇ ಒಂದು ಮೀನೂ ಪೈಪಿನೊಳಗೆ ನಿಲ್ಲಲಿಲ್ಲ. ಮುಗುಡು ಮಾತ್ರ ಒಂದೆರಡು ಪಕ್ಕದ ಹುಲ್ಲಿನ ಮೇಲೆ ತೆವಳಿಕೊಂಡು ಹೋದವು. ಅದಕ್ಕೆ ಗಾಳಿ ಕುಡಿದು ಬದುಕುವ ಶಕ್ತಿ ಇದೆ, ಬೇರೆ ಮೀನಿಗೆ ಎಲ್ಲಿದೆ?

"ಮಾವ, ಇವು ಎಲ್ಲಿಗೆ ಹೋಗ್ಬೇಕಿತ್ತು?" ಅಂತ ಹುಡುಗ ಕೇಳಿದ. ನಮ್ಮ ಗದ್ದೆಗೆ ಅಂದೆ. "ಹಾಗಾದ್ರೆ ರಸ್ತೆ ಮಾಡಿದವರಿಗೆ ಹೇಳ್ಲಿಲ್ವಾ?" ಅಂದ. ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಊರಲ್ಲಿ ಬೇರೆ ಯಾರೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಕೆಲವರು ಬಯಲುಸೀಮೆಯಿಂದ ಬಂದವರಿರಬಹುದು. ಅವರಿಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲ ದೊಡ್ಡ ಮಳೆಗೆ ಹೊಳೆಯ ಮೀನುಗಳು ಹಳ್ಳಕ್ಕೆ, ಹಳ್ಳದಿಂದ ಸಣ್ಣ ತೊರೆಗೆ, ತೊರೆಯಿಂದ ಗದ್ದೆಗೆ ಹತ್ತುತ್ತವೆ. ಅದಕ್ಕೇ ಹತ್ತುಮೀನು ಅನ್ನುವ ಹೆಸರು. ಹೊಟ್ಟೆ ತುಂಬ ಮೊಟ್ಟೆ ಹೊತ್ತುಕೊಂಡು ಬರುತ್ತವೆ. ಗದ್ದೆಯ ನೀರು ಆಳ ಇಲ್ಲ, ಹೊಳೆ ನೀರಿಗಿಂತ ಬೆಚ್ಚಗಿರುತ್ತೆ, ಹುಳ ಹುಪ್ಪಟೆ ಧಾರಾಳ, ದೊಡ್ಡ ಮೀನಿನ ಕಾಟ ಕಡಿಮೆ. ಮೊಟ್ಟೆ ಹುಲ್ಲಿಗೆ ಅಂಟಿಕೊಳ್ಳುತ್ತೆ. ಮರಿಗಳು ಅಲ್ಲೇ ಮೇಯ್ದು ದೊಡ್ಡದಾಗುತ್ತವೆ. ಮಳೆ ಕಡಿಮೆಯಾಗಿ ಗದ್ದೆಯ ನೀರು ಇಳಿಯುವಾಗ ಅದರ ಜೊತೆಗೇ ಹಳ್ಳಕ್ಕೆ, ಹೊಳೆಗೆ ವಾಪಸು ಹೋಗುತ್ತವೆ. ಗಿರ್ಲು, ಗೊಜಲೆ, ಅವಲು, ಸೊಸಲು, ಮುಗುಡು, ಹೀಗೆ ಒಂದೊಂದೂ ಒಂದೊಂದು ಹೊತ್ತಿಗೆ ಹತ್ತುತ್ತೆ. ನಮ್ಮ ಅಜ್ಜ ನೀರಿನ ಬಣ್ಣ ನೋಡಿ ಇವತ್ತು ಯಾವ ಮೀನು ಬರುತ್ತೆ ಅಂತ ಹೇಳುತ್ತಿದ್ದರು.

ಎಲ್ಲ ಮೀನೂ ಗದ್ದೆಗೇ ಬರುತ್ತೆ ಅಂತಲ್ಲ. ಕೆಲವಕ್ಕೆ ಕಲ್ಲು, ಮರಳಿನ ಮೇಲೆ ತಿಳಿನೀರು ಹರಿಯಬೇಕು. ಕಲ್ಲಿಗೆ ಬಾಯಿ ಒತ್ತಿ ಹಿಡಿದುಕೊಂಡು ಪಾಚಿ ಮೇಯುವ ಸಣ್ಣ ಮೀನುಗಳಿವೆಯಲ್ಲ, ಅವು ಹಳ್ಳದ ಮೇಲಿನ ತುದಿಯವರೆಗೂ ಹೋಗುತ್ತವೆ. ಹಾವುಮೀನಿನ ದಾರಿ ಇನ್ನೂ ಉದ್ದ. ಅದು ಹುಟ್ಟುವುದು ಸಮುದ್ರದಲ್ಲಿ. ದಾರದಂಥ ಮರಿ ಹೊಳೆಯ ಬಾಯಿಂದ ಒಳಗೆ ಬಂದು, ಮೇಲೇರಿ, ವರ್ಷಗಟ್ಟಲೆ ಹೊಳೆ ಹಳ್ಳದಲ್ಲಿ ಬೆಳೆದು, ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೇ ಇಳಿಯುತ್ತೆ. ಕರಾವಳಿ ಕಡೆಯ ಹಳ್ಳಗಳ ಮೋರಿ ಕಟ್ಟುವವರು ಇದನ್ನು ನೆನಪಿಡಬೇಕು. ಶೃಂಗೇರಿ, ಶಿಶಿಲ, ಚಿಪ್ಪಲಗುಡ್ಡೆಯ ದೇವರ ಮೀನುಗಳಿಗೆ ನಾವು ಮಂಡಕ್ಕಿ ಹಾಕಿ ಕೈ ಮುಗಿಯುತ್ತೇವೆ. ಅವುಗಳ ಜಾತಿಯ ಮೀನುಗಳೂ ಮಳೆಗಾಲದಲ್ಲಿ ಮರಿ ಮಾಡಲು ಮೇಲಿನ ಸಣ್ಣ ನೀರಿಗೆ ಏರುವಂಥವೇ. ದೇವಸ್ಥಾನದ ಮಡುವನ್ನು ಕಾದರೆ ಮಾತ್ರ ಸಾಲದು.

ಇನ್ನೊಂದು ಸಂಗತಿ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಮ್ಮ ಹಳ್ಳಗಳು ಮಾರ್ಚ್, ಏಪ್ರಿಲ್ ಹೊತ್ತಿಗೆ ಒಣಗಿ ಅಲ್ಲಲ್ಲಿ ಗುಂಡಿ ಉಳಿಯುತ್ತೆ. ಈಗ ಪಂಪ್‌ಸೆಟ್ಟುಗಳು ಜಾಸ್ತಿಯಾಗಿ ಆ ಗುಂಡಿಯೂ ಬತ್ತುತ್ತೆ. ಮೇಲಿನ ಹಳ್ಳದ ಮೀನು ಆ ವರ್ಷ ಸತ್ತೇ ಹೋಗಬಹುದು. ಹಿಂದೆಲ್ಲ ಅದರಿಂದ ದೊಡ್ಡ ನಷ್ಟ ಇರಲಿಲ್ಲ, ಯಾಕಂದರೆ ಜೂನ್‌ನಲ್ಲಿ ಕೆಳಗಿನಿಂದ ಹೊಸ ಮೀನು ಹತ್ತಿ ಬರುತ್ತಿತ್ತು. ಮಧ್ಯದಲ್ಲಿ ಮೀನು ಹತ್ತಲಾಗದ ಮೋರಿ ಬಂದರೆ? ಒಂದು ಕೆಟ್ಟ ಬೇಸಿಗೆ ಸಾಕು, ಅದರ ಮೇಲಿನ ಹಳ್ಳ ಪೂರ್ತಿ ಖಾಲಿ. ಮತ್ತೆ ತುಂಬುವುದೇ ಇಲ್ಲ. ನಮ್ಮ ಗದ್ದೆಯಲ್ಲಿ ಈಗ ಗಿರ್ಲು ಇಲ್ಲ. ಮೋರಿಯ ಕೆಳಗಿನವರ ಗದ್ದೆಯಲ್ಲಿ ಇದೆ. ನಮಗೂ ಅವರಿಗೂ ನಡುವೆ ಇರುವುದು ಒಂದು ರಸ್ತೆ.

ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಮ್ಮ ಅಪ್ಪಯ್ಯನ ಕಾಲದಲ್ಲಿ ಹಳ್ಳಕ್ಕೆ ಸಂಕ ಇತ್ತು. ಎರಡು ಮರದ ದಿಮ್ಮಿ ಅಡ್ಡ ಹಾಕಿ ಮೇಲೆ ಅಡಿಕೆ ದಬ್ಬೆ ಹಾಸಿದ್ದು. ಮಳೆಗಾಲದಲ್ಲಿ ಜಾರುತ್ತಿತ್ತು. ಬಾಣಂತಿಯರನ್ನು ಕಂಬಳಿಯಲ್ಲಿ ಹೊತ್ತು ಆ ಸಂಕ ದಾಟಿಸಿದ್ದನ್ನು ನಾನು ಕಂಡಿದ್ದೇನೆ. ಸಂಕದಿಂದ ಮಕ್ಕಳು ನೀರಿಗೆ ಬಿದ್ದು ಹೋದ ಊರುಗಳಿವೆ. ಆ ಕಷ್ಟ ಮತ್ತೆ ಬರುವುದು ಬೇಡ. ಆದರೆ ಸಂಕದ ಒಂದು ಗುಣ ನೋಡಿ. ಅದು ದಡದಿಂದ ದಡಕ್ಕೆ ಇರುತ್ತಿತ್ತು, ಹಳ್ಳವನ್ನು ಮುಟ್ಟುತ್ತಿರಲಿಲ್ಲ. ಕೆಳಗೆ ಕಲ್ಲು, ಮರಳು, ಮಡು ಎಲ್ಲ ಇದ್ದ ಹಾಗೇ ಇರುತ್ತಿದ್ದವು. ತೋಟಕ್ಕೆ ನೀರು ತಿರುಗಿಸಲು ಹಾಕುತ್ತಿದ್ದ ಕಟ್ಟವೂ ಹಾಗೆಯೇ. ಕಲ್ಲು, ಮಣ್ಣು, ಸೊಪ್ಪಿನಿಂದ ಬೇಸಿಗೆಗೆ ಅಂತ ಹಾಕಿದ್ದು ಮಳೆಗಾಲದ ಮೊದಲ ನೆರೆಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಮೀನು ಹತ್ತುವ ಹೊತ್ತಿಗೆ ದಾರಿ ತೆರೆದಿರುತ್ತಿತ್ತು. ಯಾರೂ ಮೀನಿಗಾಗಿ ಅಂತ ಯೋಚಿಸಿ ಮಾಡಿದ್ದಲ್ಲ. ಆದರೂ ಮೀನಿಗೆ ಅಡ್ಡಿ ಇರಲಿಲ್ಲ.

ಆಮೇಲೆ ರಸ್ತೆ ಬಂತು, ಪೈಪ್ ಮೋರಿ ಬಂತು. ನಮ್ಮ ಹಳ್ಳ ದಡ ಮುಟ್ಟಿ ಹರಿಯುವಾಗ 13 ಅಡಿ ಅಗಲ, ಸುಮಾರು 2 ಅಡಿ ಆಳ. ಅಂದರೆ 26 ಚದರ ಅಡಿ ಜಾಗದಲ್ಲಿ ಹರಿಯುವ ನೀರು. ಅದಕ್ಕೆ ಹಾಕಿದ್ದು 3 ಅಡಿ ಅಡ್ಡಳತೆಯ ಎರಡು ಸಿಮೆಂಟ್ ಪೈಪು. ಎರಡೂ ತುಂಬಿ ಹರಿದರೂ 14 ಚದರ ಅಡಿ. ಹಾಗಾದರೆ ಅಷ್ಟೇ ನೀರು ಹೆಚ್ಚುಕಮ್ಮಿ ಎರಡು ಪಟ್ಟು ವೇಗದಲ್ಲಿ ನುಗ್ಗಬೇಕು, ಅಲ್ವಾ? ನಾನು ಎಂಜಿನಿಯರಿಂಗ್ ಓದಿದವನಲ್ಲ, ಈ ಲೆಕ್ಕ ಮಾಡಲು ಅದು ಬೇಕಾಗಿಯೂ ಇಲ್ಲ. ಹಳ್ಳದಲ್ಲಿ ನೀರು ಎಷ್ಟೇ ಜೋರಿದ್ದರೂ ಒಂದು ಕಲ್ಲಿನ ಹಿಂದೆ, ಬೇರಿನ ಸಂದಿಯಲ್ಲಿ ಮೀನು ಒಂದು ಗಳಿಗೆ ನಿಂತು ಸುಧಾರಿಸಿಕೊಳ್ಳುತ್ತೆ. ಪೈಪಿನ ಒಳಗೆ ನುಣ್ಣನೆಯ ಸಿಮೆಂಟು, ನಿಲ್ಲಲು ಒಂದು ಕಲ್ಲೂ ಇಲ್ಲ. ರಸ್ತೆಯ ಅಡಿಯಲ್ಲಿ ಮೂರು ಪೈಪು ಸಾಲಾಗಿ ಜೋಡಿಸಿದರೆ ಸುಮಾರು 25 ಅಡಿ. ನಾಲ್ಕು ಇಂಚಿನ ಮೀನಿಗೆ ಅದು ತನ್ನ ಮೈಯುದ್ದದ 75 ಪಟ್ಟು. ಮೀನು ಪೂರ್ತಿ ಬಲ ಹಾಕಿ ಈಜುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಆ ತುದಿ ಮುಟ್ಟದಿದ್ದರೆ ನೀರು ಹಿಂದಕ್ಕೆ ತಳ್ಳುತ್ತೆ.

ಮೋರಿ ಹೊಸದಿದ್ದಾಗ ಪೈಪಿನ ಬಾಯಿ ಹಳ್ಳದ ಮಟ್ಟಕ್ಕೇ ಇತ್ತು. ಮೊದಲ ಎರಡು ವರ್ಷ ಮೀನು ಹತ್ತಿದ್ದು ನನಗೆ ನೆನಪಿದೆ. ಆದರೆ ಸಣ್ಣ ಬಾಯಿಂದ ರಭಸವಾಗಿ ಹೊರಬೀಳುವ ನೀರು ಕೆಳಗಿನ ಮಣ್ಣನ್ನು ಕೊರೆಯುತ್ತೆ. ಮೊದಲು ಅರ್ಧ ಅಡಿ, ಆಮೇಲೆ ಒಂದಡಿ. ಈಗ ಎರಡಡಿ. ಪೈಪು ಗೋಡೆಗೆ ಹೊಡೆದ ನಲ್ಲಿಯ ಹಾಗೆ ಗಾಳಿಯಲ್ಲಿ ನಿಂತಿದೆ. ಕೆಲವು ಕಡೆ ಕೊರೆತ ತಡೆಯಲು ಅಂತ ಪೈಪಿನ ಮುಂದೆ ಸಿಮೆಂಟ್ ಹಾಸು ಹಾಕುತ್ತಾರೆ. ಆ ಹಾಸಿನ ಮೇಲೆ ನೀರು ಕಾಗದದಷ್ಟು ತೆಳ್ಳಗೆ ಹರಡಿ ಹರಿಯುತ್ತೆ. ಮೀನಿನ ಬೆನ್ನೂ ಮುಳುಗಲ್ಲ. ಮುಳುಗದಿದ್ದರೆ ಈಜುವುದು ಹೇಗೆ? ಇನ್ನು ಮೇಲಿನ ಬಾಯಿಗೆ ಒಂದು ಮರದ ಕೊಂಬೆ, ನಾಲ್ಕು ಸೋಗೆ ಸಿಕ್ಕಿಕೊಂಡರೆ ಮುಗಿಯಿತು, ಅರ್ಧ ಪೈಪು ಬಂದ್.

ನಿಮ್ಮ ಕೈಪಿಡಿಗಳಲ್ಲಿ ಮೋರಿಯ ಗಾತ್ರ ಲೆಕ್ಕ ಹಾಕುವ ವಿಧಾನ ಇದೆ ಅಂತ ಗೊತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ 6 ಮೀಟರ್‌ವರೆಗಿನದ್ದು ಮೋರಿ, ಅದಕ್ಕಿಂತ ದೊಡ್ಡದು ಸೇತುವೆ. ಎಷ್ಟು ನೀರು ಬರುತ್ತೆ, ಅದು ರಸ್ತೆಗೆ ಹಾನಿ ಮಾಡದೆ ಹೇಗೆ ದಾಟಬೇಕು, ಲೆಕ್ಕವೆಲ್ಲ ಇದರ ಸುತ್ತಲೇ. ನೀರು ಕೆಳಗೆ ಹೋಗಬೇಕು ಅನ್ನುವುದೇ ಅಲ್ಲಿಯ ಯೋಚನೆ. ನೀರಿನ ಜೊತೆ ಮೇಲಕ್ಕೆ ಹೋಗುವುದೂ ಒಂದಿದೆ ಅಂತ ನಕ್ಷೆ ಬರೆಯುವವರಿಗೆ ನಾವು ಯಾರೂ ತಿಳಿಸಿಲ್ಲ. ಇದು ನಿಮ್ಮೊಬ್ಬರ ತಪ್ಪು ಅಂತ ನಾನು ಅಂದುಕೊಂಡಿಲ್ಲ.

ಈ ತಪ್ಪು ನಾವೇ ಮೊದಲು ಮಾಡಿದ್ದೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದೇ ಮೋರಿಗಳ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆ ಕಥೆಯಿಂದ ನಮಗೆ ಕಲಿಯುವುದು ಬಹಳ ಇದೆ. ಅಲ್ಲಿನ ಸಾಲ್ಮನ್ ಮೀನು ಹಳ್ಳದಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಮತ್ತೆ ಹಳ್ಳಕ್ಕೆ ಹತ್ತುತ್ತೆ. ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಬದುಕು ಆ ಮೀನಿನ ಮೇಲೇ ನಿಂತಿತ್ತು. 1854 ಮತ್ತು 1855ರಲ್ಲಿ ಸರ್ಕಾರ ಅವರ ನೆಲವನ್ನು ಒಪ್ಪಂದ ಮಾಡಿಕೊಂಡು ಪಡೆಯಿತು. ಬದಲಿಗೆ, ನಿಮ್ಮ ಹಿಂದಿನ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕು ನಿಮ್ಮದೇ ಅಂತ ಬರೆದುಕೊಟ್ಟಿತು. ನೂರು ವರ್ಷ ಕಳೆಯುವುದರೊಳಗೆ ಅದೇ ಮೀನು ಹಿಡಿದಿದ್ದಕ್ಕೆ ಅವರನ್ನು ಬಂಧಿಸುವುದು ಶುರುವಾಯಿತು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಮೊದಲ ಸಲ ಬಂಧನಕ್ಕೆ ಒಳಗಾದಾಗ ಅವರಿಗೆ 14 ವರ್ಷ. ಆಮೇಲೆ ಐವತ್ತಕ್ಕೂ ಹೆಚ್ಚು ಸಲ ಬಂಧಿಸಿದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು, ಹಿಡಿಯಬಹುದಾದ ಮೀನಿನಲ್ಲಿ ಅರ್ಧದವರೆಗೆ ಈ ಬುಡಕಟ್ಟುಗಳ ಪಾಲು ಅಂತ ತೀರ್ಪು ಕೊಟ್ಟರು.

ಪಾಲು ಸಿಕ್ಕಿತು, ಆದರೆ ಮೀನೇ ಕಡಿಮೆಯಾಗುತ್ತಿತ್ತು. ಅದಕ್ಕೆ ಒಂದು ಕಾರಣ ರಸ್ತೆ ಮೋರಿಗಳು. 2001ರಲ್ಲಿ 21 ಬುಡಕಟ್ಟುಗಳು ಮತ್ತೆ ಕೋರ್ಟಿಗೆ ಹೋದವು. ಅವರ ವಾದ ಸರಳವಾಗಿತ್ತು. ಮೀನು ಹಿಡಿಯುವ ಹಕ್ಕು ಕೊಟ್ಟು, ಮೀನು ಮೇಲೆ ಬರುವ ದಾರಿಯನ್ನು ಮುಚ್ಚಿದರೆ ಆ ಹಕ್ಕಿಗೆ ಏನು ಅರ್ಥ? 2007ರಲ್ಲಿ ನ್ಯಾಯಾಧೀಶ ರಿಕಾರ್ಡೊ ಮಾರ್ಟಿನೆಜ್ ಇದನ್ನು ಒಪ್ಪಿದರು. 2013ರಲ್ಲಿ, ರಾಜ್ಯವೇ ಕಟ್ಟಿದ ನೂರಾರು ಮೋರಿಗಳನ್ನು ಸರಿಪಡಿಸಬೇಕು, ತಡೆಯಾಗಿರುವ ಹಳ್ಳಗಳ 90 ಶೇಕಡಾ ಜಾಗವನ್ನು 2030ರೊಳಗೆ ಮೀನಿಗೆ ತೆರೆಯಬೇಕು ಅಂತ ಆದೇಶ ಬಂತು. ರಾಜ್ಯ ಒಪ್ಪದೆ ಮೇಲ್ಮನವಿ ಹೋಯಿತು. 2018ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳು ನಾಲ್ಕಕ್ಕೆ ನಾಲ್ಕು ಸಮನಾಗಿ ನಿಂತರು. ಹಾಗಾಗಿ ಕೆಳಗಿನ ಕೋರ್ಟಿನ ಆದೇಶವೇ ಉಳಿಯಿತು. ಬಿಲ್ಲಿ ಫ್ರಾಂಕ್ ಅದನ್ನು ನೋಡಲು ಇರಲಿಲ್ಲ, 2014ರಲ್ಲೇ ತೀರಿಕೊಂಡಿದ್ದರು. ಈಗ ಆ ರಾಜ್ಯ ಶತಕೋಟಿಗಟ್ಟಲೆ ಡಾಲರ್ ಸುರಿದು ಒಂದೊಂದೇ ಮೋರಿ ಕಿತ್ತು ಹೊಸದು ಹಾಕುತ್ತಿದೆ. ಅಲ್ಲಿನ ಕೇಂದ್ರ ಸರ್ಕಾರವೂ 2021ರ ಕಾನೂನಿನಲ್ಲಿ, ಇಂಥ ಮೀನುಗಳು ಹತ್ತುವ ಹಳ್ಳಗಳ ಮೋರಿ ಸರಿಪಡಿಸಲು ಅಂತಲೇ 100 ಕೋಟಿ ಡಾಲರ್ ಎತ್ತಿಟ್ಟಿತು.

ನಮ್ಮದು ಅಮೆರಿಕ ಅಲ್ಲ, ಅಷ್ಟು ದುಡ್ಡು ನಮ್ಮಲ್ಲಿಲ್ಲ. ನಿಜ. ಅದಕ್ಕೇ ನಾವು ಮೊದಲೇ ಸರಿಯಾಗಿ ಕಟ್ಟಬೇಕು. ಕಟ್ಟಿ, ಕಿತ್ತು, ಮತ್ತೆ ಕಟ್ಟುವ ಶಕ್ತಿ ಅವರಿಗಿದೆ, ನಮಗಿಲ್ಲ. ಮತ್ತೆ ಸಾಲ್ಮನ್ ಅನ್ನುವುದು ಕೈ ಉದ್ದದ, ಗಟ್ಟಿ ಮೀನು, ಆಳವಾದ ಮಡು ಸಿಕ್ಕರೆ ಆಳೆತ್ತರ ಹಾರಬಲ್ಲದು. ಅಂಥ ಮೀನಿಗೇ ಮೋರಿ ತಡೆಯಾಯಿತು ಅಂದರೆ ಬೆರಳುದ್ದದ ಗಿರ್ಲಿನ ಗತಿ ಏನು ಅಂತ ನೀವೇ ಯೋಚಿಸಿ. ನಮ್ಮ ಸಣ್ಣ ಮೀನುಗಳಿಗೆ ಒಂದು ಗೇಣು ಎತ್ತರವೇ ದೊಡ್ಡ ಗೋಡೆ.

ಅಲ್ಲಿ ಹೊಸ ಮೋರಿಯನ್ನು ಹೇಗೆ ಕಟ್ಟುತ್ತಾರೆ ಅನ್ನುವುದನ್ನು ನೀವು ಗಮನಿಸಬೇಕು. ಮೀನು ಎಷ್ಟು ವೇಗ ತಡೆಯುತ್ತೆ ಅಂತ ಒಂದೊಂದು ಮೀನಿಗೂ ಲೆಕ್ಕ ಹಾಕುವುದನ್ನು ಅವರು ಬಹುಪಾಲು ಬಿಟ್ಟಿದ್ದಾರೆ. ಮೋರಿಯ ಒಳಗೂ ಹಳ್ಳವೇ ಇರಲಿ ಅನ್ನುವುದು ಈಗಿನ ವಿಧಾನ. ಹೊರಗೆ ಎಂಥ ಕಲ್ಲು, ಮರಳು, ಇಳಿಜಾರು ಇದೆಯೋ ಒಳಗೂ ಹಾಗೇ. ತಳ ಇಲ್ಲದ ಕಮಾನು ಅಥವಾ ಸ್ಲ್ಯಾಬ್ ಹಾಕುತ್ತಾರೆ. ಬಾಕ್ಸ್ ಅಥವಾ ಪೈಪು ಹಾಕಲೇಬೇಕಾದರೆ ದೊಡ್ಡದನ್ನೇ ತಂದು, ಅದರ ತಳವನ್ನು ಹಳ್ಳದ ನೆಲಕ್ಕಿಂತ ಸಾಕಷ್ಟು ಕೆಳಗೆ ಹೂತು, ಒಳಗೆ ಕಲ್ಲು ಮರಳು ತುಂಬುತ್ತಾರೆ. ಅಗಲಕ್ಕೆ ವಾಷಿಂಗ್ಟನ್ ರಾಜ್ಯದವರು ಒಂದು ಸುಲಭ ಸೂತ್ರ ಇಟ್ಟುಕೊಂಡಿದ್ದಾರೆ. ಹಳ್ಳ ದಡ ಮುಟ್ಟಿ ಹರಿಯುವಾಗಿನ ಅಗಲವನ್ನು 1.2ರಿಂದ ಗುಣಿಸಿ, ಅದಕ್ಕೆ 2 ಅಡಿ ಸೇರಿಸುವುದು. ನಮ್ಮ 13 ಅಡಿಯ ಹಳ್ಳಕ್ಕೆ ಲೆಕ್ಕ ಹಾಕಿದರೆ ಹದಿನೇಳೂವರೆ ಅಡಿ ಚಿಲ್ಲರೆ ಬರುತ್ತೆ, 5.4 ಮೀಟರ್. ನಿಮ್ಮ 6 ಮೀಟರಿನ ಒಳಗೇ ಇದೆ. ಅಂದರೆ ನಾನು ಕೇಳುತ್ತಿರುವುದು ಸೇತುವೆಯನ್ನಲ್ಲ, ಒಂದು ಮೋರಿಯನ್ನೇ. ಮಲೆನಾಡಿನ ಹಳೇ ರಸ್ತೆಗಳಲ್ಲಿ ಎರಡು ಕಡೆ ಕಲ್ಲು ಕಟ್ಟಿ ಮೇಲೆ ಚಪ್ಪಡಿ ಹಾಕಿದ ಮೋರಿಗಳು ಈಗಲೂ ಇವೆ. ಅವುಗಳ ಕೆಳಗೆ ಹಳ್ಳದ ನೆಲ ಹಾಗೇ ಇದೆ, ಮೀನು ಸುಮ್ನೆ ಈಜಿಕೊಂಡು ಹೋಗುತ್ತೆ. ನಮ್ಮವರಿಗೆ ಗೊತ್ತಿಲ್ಲದ ಕೆಲಸವೇನೂ ಅಲ್ಲ ಇದು.

ಖರ್ಚಿನ ಮಾತು ಬರುತ್ತೆ, ಬರಲೇಬೇಕು. ಎರಡು ಪೈಪು ಹಾಕಿ ಮಣ್ಣು ಮುಚ್ಚುವುದಕ್ಕಿಂತ 17 ಅಡಿ ಸ್ಲ್ಯಾಬ್ ಹಾಕುವುದಕ್ಕೆ ಜಾಸ್ತಿ ಆಗುತ್ತೆ. ಆದರೆ ಲೆಕ್ಕವನ್ನು ಉದ್ಘಾಟನೆಯ ದಿನಕ್ಕೆ ನಿಲ್ಲಿಸಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ಮಲೆನಾಡು ಏನಾಯಿತು ಅಂತ ನಿಮಗಿಂತ ಚೆನ್ನಾಗಿ ಬಲ್ಲವರು ಇಲ್ಲ. ಸಣ್ಣ ಪೈಪಿಗೆ ಮರ, ಕಲ್ಲು, ಕೆಸರು ಬಂದು ಕಟ್ಟಿಕೊಂಡರೆ ನೀರು ರಸ್ತೆಯ ಮೇಲೇ ಹತ್ತುತ್ತೆ. ಹತ್ತಿದ ನೀರು ರಸ್ತೆಯನ್ನೇ ತೆಗೆದುಕೊಂಡು ಹೋಗುತ್ತೆ. ನಮ್ಮೂರ ಮೋರಿಯ ಪಕ್ಕದ ಮಣ್ಣು ಎರಡು ಸಲ ಹೋಗಿದೆ, ಎರಡು ಸಲವೂ ಜೆಸಿಬಿ ತಂದು ತುಂಬಿದ್ದಾರೆ. ಶಾಲೆಯ ಬಸ್ಸು ಎಷ್ಟೋ ದಿನ ಬರಲಿಲ್ಲ. 2011ರ ಆಗಸ್ಟ್‌ನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಐರೀನ್ ಚಂಡಮಾರುತದ ಮಳೆ ಬಡಿದಾಗ ಗ್ರೀನ್ ಮೌಂಟನ್ ಕಾಡಿನ ಸುತ್ತಮುತ್ತ ರಸ್ತೆ, ಮೋರಿಗಳು ಕೊಚ್ಚಿ ಹೋದವು. ಅದೇ ಕಾಡಿನಲ್ಲಿ ಮೀನಿಗಾಗಿ ಅಂತ ಹಳ್ಳದಷ್ಟೇ ಅಗಲಕ್ಕೆ ಕಟ್ಟಿದ್ದ ಮೋರಿಗಳು ಉಳಿದುಕೊಂಡವು. ಮೀನಿಗೆ ಬಿಟ್ಟ ಜಾಗದಲ್ಲಿ ನೆರೆಯ ನೀರೂ, ಅದು ಹೊತ್ತು ತರುವ ಮರವೂ ದಾಟಿ ಹೋದವು. ಮಳೆ ವರ್ಷದಿಂದ ವರ್ಷಕ್ಕೆ ಹೀಗೆ ಒಮ್ಮೆಲೇ ಸುರಿಯುತ್ತಿರುವಾಗ ನಮಗೂ ಅದೇ ಬೇಕಲ್ಲವೇ?

ಎಲ್ಲ ಮೋರಿಗಳನ್ನೂ ನಾಳೆಯೇ ಕೀಳಿ ಅಂತ ನಾನು ಕೇಳುತ್ತಿಲ್ಲ. ಹೇಗೂ ಹಳೇ ಪೈಪು ಒಡೆದು, ರಸ್ತೆ ಅಗಲ ಮಾಡುವಾಗ ಮೋರಿ ಬದಲಿಸುತ್ತೀರಿ. ಆಗ ಹಳೇ ಅಳತೆಯನ್ನೇ ಎಸ್ಟಿಮೇಟಿಗೆ ಇಳಿಸಬೇಡಿ. ಒಂದು ಸಲ ಹಳ್ಳಕ್ಕೆ ಇಳಿಯಿರಿ. ಮೋರಿಯನ್ನು ಮೇಲಿನಿಂದ, ಜೀಪಿನಲ್ಲಿ ಕೂತು ನೋಡಿದರೆ ಏನೂ ಗೊತ್ತಾಗಲ್ಲ. ಕೆಳಗಿನ ಕಡೆಯಿಂದ, ನೀರಿನಲ್ಲಿ ನಿಂತು, ಮೀನು ಎಲ್ಲಿಂದ ಬರುತ್ತೋ ಅಲ್ಲಿಂದ ನೋಡಬೇಕು. ಬದಲಿಸುವ ಕಾಲ ಇನ್ನೂ ದೂರ ಇರುವ ಮೋರಿಗಳ ಕೆಳಗೆ ದೊಡ್ಡ ಕಲ್ಲುಗಳನ್ನು ಸಣ್ಣ ಸಣ್ಣ ಮೆಟ್ಟಿಲ ಹಾಗೆ ಜೋಡಿಸಿ, ಗುಂಡಿಯ ನೀರು ಪೈಪಿನ ಬಾಯಿಯವರೆಗೆ ಏರುವಂತೆ ಮಾಡಬಹುದು. ಅದರಿಂದ ಪೈಪಿನ ಒಳಗಿನ ರಭಸವೂ ಸ್ವಲ್ಪ ತಗ್ಗುತ್ತೆ. ಇದು ಪೂರ್ತಿ ಪರಿಹಾರ ಅಲ್ಲ, ನೆರೆಗೆ ಕಲ್ಲು ಜಾರಬಹುದು, ಪ್ರತಿ ವರ್ಷ ನೋಡಿಕೊಳ್ಳಬೇಕು. ನಮ್ಮೂರ ಮೋರಿಗೆ ಅಷ್ಟು ಕಲ್ಲು, ಆಳು ನಾವೇ ಕೊಡುತ್ತೇವೆ. ಅನುಮತಿ ಮತ್ತು ಒಬ್ಬ ತಿಳಿದವರ ಮಾರ್ಗದರ್ಶನ ನಿಮ್ಮಿಂದ ಬೇಕು. ಸುಮ್ಮನೆ ಕಲ್ಲು ಹಾಕಿ ಮೋರಿಗೇ ತೊಂದರೆ ಮಾಡುವುದು ನಮಗೂ ಇಷ್ಟ ಇಲ್ಲ.

ಯಾವ ಮೋರಿ ಮೊದಲು ಅನ್ನುವ ಪ್ರಶ್ನೆಗೆ ಊರಿನವರನ್ನು ಕೇಳಿ. ಹೊಳೆಗೆ ಹತ್ತಿರದ ಮೋರಿಯನ್ನು ಬಿಟ್ಟು ಮೇಲಿನದ್ದನ್ನು ಸರಿ ಮಾಡಿದರೆ ಉಪಯೋಗ ಇಲ್ಲ, ಮೀನು ಅಲ್ಲಿಯವರೆಗೆ ಬರುವುದೇ ಇಲ್ಲವಲ್ಲ. ಯಾವ ಹಳ್ಳದಲ್ಲಿ ಯಾವ ಮೀನು ಹತ್ತುತ್ತಿತ್ತು, ಎಲ್ಲಿಯವರೆಗೆ ಹೋಗುತ್ತಿತ್ತು, ಯಾವ ವರ್ಷದಿಂದ ನಿಂತಿತು ಅನ್ನುವುದು ನಮ್ಮ ಊರುಗಳ ಹಿರಿಯರಿಗೆ ಬಾಯಿಪಾಠ. ಮೀನು ಹಿಡಿಯುವ ಬುಟ್ಟಿಯಂಥ ಕೂಣಿ ಹೆಣೆಯುವವರನ್ನು ಕೇಳಿದರೆ ನಿಮಗೆ ಒಂದೊಂದು ಹಳ್ಳದ ನಕ್ಷೆಯೇ ಸಿಗುತ್ತೆ. ಅವರಿಗೆಲ್ಲ ವಯಸ್ಸಾಗಿದೆ, ಬೇಗ ಕೇಳಿ.

ಕೂಣಿಯ ಮಾತು ಬಂದ ಮೇಲೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಊರಿನವರಿಗೂ ಈ ಪತ್ರ ಓದಲು ಕೊಡುತ್ತಿದ್ದೇನೆ. ಮೋರಿಯ ಕೆಳಗೆ ಮೀನು ರಾಶಿ ನಿಲ್ಲುತ್ತೆ ಅಂತ ಗೊತ್ತಾದ ಮೇಲೆ ಅಲ್ಲಿಗೆ ಬುಟ್ಟಿ, ಸೊಳ್ಳೆ ಪರದೆ ತಂದು ಬಾಚುತ್ತಿರುವವರು ನಾವೇ. ನಾನೂ ಒಂದೆರಡು ವರ್ಷ ಬಾಚಿದ್ದೇನೆ. ಹಿಂದೆ ಕೂಣಿ ಹಾಕಿದರೆ ಒಂದು ತೊರೆಯಲ್ಲಿ ಕೆಲವು ಸಿಗುತ್ತಿತ್ತು, ಉಳಿದವು ಹತ್ತಿ ಹೋಗುತ್ತಿದ್ದವು. ಈಗ ಹತ್ತಲಾಗದೆ ನಿಂತವನ್ನೆಲ್ಲ ಹೊಟ್ಟೆಯ ಮೊಟ್ಟೆ ಸಮೇತ ತೆಗೆಯುತ್ತೇವೆ. ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ದೋಣಿಗಳು ದಡದಲ್ಲಿ ನಿಲ್ಲುತ್ತವೆ, ಮೀನು ಮರಿ ಮಾಡಲಿ ಅಂತ. ನಾವು ಅಷ್ಟು ದಿನ ಬೇಡ, ಮೋರಿಯ ಕೆಳಗಿನ ಗುಂಡಿಯನ್ನಾದರೂ ಬಿಡೋಣ. ಬೇಸಿಗೆಯ ಗುಂಡಿಗೆ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ, ಸಿಡಿಮದ್ದಿನ ತೋಟಾ ಹಾಕುವವರಿದ್ದಾರೆ, ಅದು ನಿಲ್ಲಬೇಕು. ಅಡಿಕೆಯ ಕೊಳೆ ರೋಗಕ್ಕೆ ನಾವು ಹೊಡೆಯುವ ಮೈಲುತುತ್ತವೂ ಮೀನಿಗೆ ವಿಷವೇ. ಔಷಧಿ ಕಲಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ಗದ್ದೆಗಳನ್ನೆಲ್ಲ ತೋಟ ಮಾಡಿದ್ದರಿಂದಲೂ ಮೀನು ಮರಿ ಮಾಡುವ ಜಾಗ ಕಡಿಮೆಯಾಗಿದೆ. ಹಾಗಾಗಿ ಎಲ್ಲ ಹೊರೆಯನ್ನೂ ಮೋರಿಯ ಮೇಲೆ ಹಾಕಲ್ಲ. ಆದರೆ ನಾವು ನಾಳೆಯಿಂದ ಒಳ್ಳೆಯವರಾದರೂ ಮೀನು ಆ ಎರಡಡಿ ಹಾರಲಾರದು. ಅದನ್ನು ನೀವು ಮಾತ್ರ ಸರಿ ಮಾಡಬಲ್ಲಿರಿ.

ಮಧ್ಯ ಭಾರತದ ಪೆಂಚ್ ಕಾಡಿನ ನಡುವೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಲಿ, ಜಿಂಕೆಗಳು ದಾಟಲಿ ಅಂತ ರಸ್ತೆಯನ್ನೇ ಎತ್ತರಿಸಿ ಕೆಳಗೆ ದಾರಿ ಬಿಟ್ಟಿದ್ದಾರೆ. ಹುಲಿಗಳು ಅದರ ಕೆಳಗೆ ನಡೆದು ಹೋಗುವ ಫೋಟೋ ನೋಡಿ ನನಗೆ ಕಣ್ಣು ತುಂಬಿತ್ತು. ನಮ್ಮ ಎಂಜಿನಿಯರುಗಳಿಗೆ ಅಷ್ಟು ಆಗುತ್ತೆ ಅಂದಮೇಲೆ ಇದು ಯಾವ ದೊಡ್ಡ ಕೆಲಸ? ಹಳ್ಳದ ಅಗಲಕ್ಕೆ ಮೋರಿ ಬಿಟ್ಟರೆ ಮೀನಿನ ಜೊತೆ ಏಡಿ, ಕಪ್ಪೆ, ಆಮೆ, ನೀರುನಾಯಿ ಎಲ್ಲಕ್ಕೂ ದಾರಿ ಸಿಗುತ್ತೆ. ನೀರುನಾಯಿ ಹಳ್ಳ ಬಿಟ್ಟು ಡಾಂಬರು ಹತ್ತಿ ಲಾರಿ ಚಕ್ರಕ್ಕೆ ಸಿಗುವುದೂ ತಪ್ಪುತ್ತೆ.

ಈ ಪತ್ರಕ್ಕೆ ಉತ್ತರ ಬರೆಯಿರಿ ಅಂತ ನಾನು ಒತ್ತಾಯ ಮಾಡಲ್ಲ. ಬದಲಿಗೆ ಒಂದು ಕೋರಿಕೆ. ಮುಂದಿನ ಮೃಗಶಿರ ಮಳೆ ಹಿಡಿದ ಎರಡನೆಯ ಅಥವಾ ಮೂರನೆಯ ರಾತ್ರಿ, ನಿಮ್ಮ ಕೆಲಸದ ವ್ಯಾಪ್ತಿಯಲ್ಲಿ ಇರುವ ಯಾವುದಾದರೂ ಒಂದು ಮೋರಿಗೆ ಹೋಗಿ. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿ. ಗಂಬೂಟು ಹಾಕಿಕೊಳ್ಳಿ, ಇಂಬಳ (ಜಿಗಣೆ) ಇರುತ್ತೆ, ಸ್ವಲ್ಪ ಸುಣ್ಣ ಹೊಗೆಸೊಪ್ಪು ಇಟ್ಟುಕೊಳ್ಳಿ. ಮೋರಿಯ ಕೆಳಗಿನ ಕಡೆ ಇಳಿದು, ಟಾರ್ಚನ್ನು ಪೈಪಿನ ಬಾಯಿಗೆ ಹಿಡಿದು ಹತ್ತು ನಿಮಿಷ ನಿಲ್ಲಿ. ನಮ್ಮೂರಿಗೇ ಬರುವುದಾದರೆ ಒಂದು ಮಾತು ಮೊದಲು ತಿಳಿಸಿ. ರಾತ್ರಿ ಊಟ ನಮ್ಮ ಮನೆಯಲ್ಲೇ ಮಾಡಬಹುದು, ಹಳ್ಳದ ಹತ್ತಿರ ಜಾರುವ ಜಾಗ ಎಲ್ಲಿದೆ ಅಂತ ನಾನು ತೋರಿಸುತ್ತೇನೆ. ಟೇಪು ತನ್ನಿ, ಅಗಲ ಅಳೆಯುವಾಗ ಒಂದು ತುದಿ ನಾನು ಹಿಡಿದುಕೊಳ್ಳುತ್ತೇನೆ.

ಇತಿ,
ಹಳ್ಳದ ಪಕ್ಕದ ಒಬ್ಬ ರೈತ